ಅಲ್ಲಾಡಬೇಡ ಅಂದರೆ ತಲೆ ಅಲ್ಲಾಡಿಸುವ ಅಕ್ಕ

ನಮ್ಮ ಕಡೆಯವರಿಗೆ ಎಕ್ಸ್‌ರೇ ತೆಗೆಯುವಷ್ಟರಲ್ಲಿ ಸಾಕುಸಾಕಾಗಿ ಹೋಗುತ್ತದೆ. ತರೀಕೆರೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಅದೇ ಕೆಲಸ ಮಾಡಿಕೊಂಡು ತಲೆ ನರೆಸಿಕೊಂಡವನು ನಾನು. “ಅಲ್ಲಾಡ್ಬೇಡಿ” ಅಂದ ಕೂಡಲೇ “ಇಲ್ಲ ಇಲ್ಲ, ಅಲ್ಲಾಡಲ್ಲ ಸಾ” ಎಂದು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾರೆ. “ಉಸಿರು ಹಿಡ್ಕೊಳ್ಳಿ” ಅಂದರೆ “ಹೂಂ, ಹಿಡ್ಕೊಂಡೆ” ಎಂದು ಹೇಳುವುದಕ್ಕೇ ಹಿಡಿದ ಉಸಿರನ್ನು ಬಿಟ್ಟುಬಿಡುತ್ತಾರೆ. ಎದುರಿನವರು ಒಂದು ಮಾತು ಹೇಳಿದ ಮೇಲೆ ಹೂಂಗುಟ್ಟದೆ ಬಿದ್ದುಕೊಂಡಿರುವುದು ಅವರ ಲೆಕ್ಕದಲ್ಲಿ ದೊಡ್ಡ ಅಮರ್ಯಾದೆ. ಚೌಳಹಿರಿಯೂರಿನಿಂದ ಬಂದ ಯಜಮಾನರೊಬ್ಬರಿಗೆ ಎದೆಯ ಫಿಲಂ ತೆಗೆಯುವಾಗ ಕೊನೆಗೆ ನಾನೇ ಕೈ ಮುಗಿದಿದ್ದೆ. ಅವರೂ ತಿರುಗಿ ಕೈ ಮುಗಿದರು. ಆ ಫಿಲಮ್ಮೂ ಕೆಟ್ಟಿತು.

ಹೀಗೆ ಎಲ್ಲರನ್ನೂ ಬೈದುಕೊಳ್ಳುತ್ತಿದ್ದ ನನಗೆ, ಅವರೆಲ್ಲರನ್ನೂ ಮೀರಿಸುವವಳು ನಮ್ಮ ಮನೆಯಲ್ಲೇ ಇದ್ದಾಳೆ ಅನ್ನುವುದು ಗೊತ್ತಾಗಿದ್ದು ಅಕ್ಕನ ಎಡಗಣ್ಣಿನ ರೆಪ್ಪೆ ಇಳಿಬಿದ್ದ ಮೇಲೆ.

ಅಕ್ಕ ಇರುವುದು ಅಜ್ಜಂಪುರದಲ್ಲಿ. ಅಮ್ಮ ತೀರಿಕೊಂಡಾಗ ಅವಳಿಗೆ ಹದಿನಾಲ್ಕು, ಕೊನೆಯವನಾದ ನನಗೆ ಮೂರು. ನಮ್ಮ ನಾಲ್ವರನ್ನೂ ಉಣಿಸಿ, ಬೈದು, ಹೇನು ತೆಗೆದು ದೊಡ್ಡವರನ್ನಾಗಿ ಮಾಡಿದವಳು ಅವಳೇ. ಹಾಗಾಗಿ ಅವಳ ಮುಂದೆ ನಾನಿನ್ನೂ ಮೂಗು ಒರೆಸಿಕೊಳ್ಳಲು ಬಾರದವನು. ಅವಳಿಗೆ ವಾರದಿಂದ ತಲೆನೋವು, ಆಮೇಲೆ ಈ ರೆಪ್ಪೆ. “ನಿದ್ದೆ ಇಲ್ಲ ಕಣೋ, ಅದಕ್ಕೇ” ಎಂದು ಅವಳು ತಳ್ಳಿಹಾಕಿದರೂ ನಾನು ಬಿಡದೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ. ಮೆದುಳಿನ ಒಂದು ರಕ್ತನಾಳ, ಹಳೇ ಸೈಕಲ್ ಟ್ಯೂಬು ಒಂದು ಕಡೆ ಉಬ್ಬುತ್ತದಲ್ಲ, ಹಾಗೆ ಗುಳ್ಳೆ ಕಟ್ಟಿತ್ತು. ರೆಪ್ಪೆ ಬಿದ್ದಿದೆ ಅಂದರೆ ಗುಳ್ಳೆ ಬೆಳೆಯುತ್ತಿದೆ, ಒಡೆದರೆ ಜೀವಕ್ಕೇ ಅಪಾಯ, ತಡ ಮಾಡದೆ ಬೆಂಗಳೂರಿಗೆ ಹೋಗಿ ಅಂದರು ಅಲ್ಲಿನ ಡಾಕ್ಟರು.

ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು ಸಮಾಧಾನವಾಗಿ ವಿವರಿಸಿದರು. ತಲೆಯ ಓಡು ತೆರೆದು ಗುಳ್ಳೆಯ ಬುಡಕ್ಕೆ ಕ್ಲಿಪ್ ಹಾಕುವುದು ಒಂದು ದಾರಿ. ಕೈಯ ನಾಳದಿಂದ ಸಣ್ಣ ನಳಿಗೆಯನ್ನು ಮೆದುಳಿನವರೆಗೂ ಏರಿಸಿ, ಕೂದಲಿನಂಥ ತಂತಿಯ ಸುರುಳಿಗಳನ್ನು ಗುಳ್ಳೆಯೊಳಗೆ ತುಂಬಿಬಿಡುವುದು ಇನ್ನೊಂದು. ಗುಳ್ಳೆಯ ಕತ್ತು ಕಿರಿದಾಗಿದ್ದರೆ ಸುರುಳಿ ಒಳಗೇ ನಿಲ್ಲುತ್ತದೆ, ಅಗಲವಾಗಿದ್ದರೆ ಜಾರುತ್ತದೆ. ಶಿವಮೊಗ್ಗದ ಸ್ಕ್ಯಾನಿನಲ್ಲಿ ಆ ಕತ್ತು ಸ್ಪಷ್ಟವಿರಲಿಲ್ಲ. ಇನ್ನೂ ಸೂಕ್ಷ್ಮವಾದ ಎಕ್ಸ್‌ರೇ ಚಿತ್ರ ಬೇಕಿತ್ತು.

ಅಕ್ಕ ಎಲ್ಲಕ್ಕೂ ಹೂಂಗುಟ್ಟಿದಳು. ಆಚೆ ಬಂದು ನನ್ನ ಕೈ ಹಿಡಿದುಕೊಂಡು ಹೇಳಿದಳು: “ತಂತಿ ಗಿಂತಿ ಏನಾರ ಬಿಡ್ಲಿ. ತಲೆ ಓಡು ತೆಗೀತೀವಿ ಅಂದ್ರೆ ಮಾತ್ರ ಬ್ಯಾಡ ಕಣೋ. ನನ್ನ ಹಂಗೇ ಊರಿಗೆ ಕರ್ಕೊಂಡೋಗ್ಬಿಡು.”

“ಒಡೆದೋದ್ರೆ?”

“ಒಡೀಲಿ ಬಿಡು.”

ಅವಳ ಹಟ ನನಗೆ ಗೊತ್ತು. ಬೇಡ ಅಂದರೆ ಬೇಡ. ಅಂದರೆ ನಮ್ಮ ಅಕ್ಕ ಉಳಿಯುವುದು ಬಿಡುವುದು ಈಗ ಒಂದು ಚಿತ್ರದ ಮೇಲೆ ನಿಂತಿತ್ತು. ಆಯುಷ್ಯವಿಡೀ ಚಿತ್ರ ತೆಗೆದವನು ಅದನ್ನು ಬೇರೆಯವರ ಕೈಗೆ ಬಿಟ್ಟು ನಿಂತಿದ್ದೆ.

“ನಮ್ಮ ಕಸುಬಿನವರೇ ಅಲ್ವಾ, ಬನ್ನಿ” ಎಂದು ಡಾಕ್ಟರು ನನ್ನನ್ನು ಗಾಜಿನ ಈಚೆಯ ಕೋಣೆಗೆ ಸೇರಿಸಿಕೊಂಡರು. ಒಳಗೆ ಅಕ್ಕ ಮಲಗಿದ್ದಳು. ಎಚ್ಚರವಾಗಿಯೇ ಇದ್ದಳು, ಬಲಗೈ ಮಣಿಕಟ್ಟಿನಲ್ಲಿ ನಳಿಗೆ, ಹಣೆಗೆ ಅಡ್ಡಲಾಗಿ ಪಟ್ಟಿ. ಅವಳ ತಲೆಯ ಹತ್ತಿರ ಸಿ ಅಕ್ಷರದಂಥ ದೊಡ್ಡ ತೋಳು. ಆ ಯಂತ್ರ ಮೊದಲು ಬರೀ ತಲೆಯ ಚಿತ್ರ ತೆಗೆಯುತ್ತದೆ, ಆಮೇಲೆ ನಾಳಕ್ಕೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಡೈ ಬಿಟ್ಟು ಇನ್ನೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಮೂಳೆಯೆಲ್ಲ ಮಾಯವಾಗಿ ನಾಳಗಳು ಮಾತ್ರ ಉಳಿಯುತ್ತವೆ. ನನ್ನ ಕ್ಲಿನಿಕ್ಕಿನ ಮಿಷನ್ನನ್ನು ನೆನೆದು ಹೊಟ್ಟೆ ಉರಿಯಿತು. ಆದರೆ ಎರಡರ ನಡುವೆ ತಲೆ ಒಂದೆಳೆ ಕದಲಿದರೂ ಕಳೆಯುವ ಲೆಕ್ಕ ತಪ್ಪಿ ಎಲ್ಲವೂ ಕಲಸಿಹೋಗುತ್ತದೆ.

ಮೈಕಿನ ಮುಂದೆ ಕೂತಿದ್ದ ಟೆಕ್ನಿಷಿಯನ್ ಹೆಣ್ಣುಮಗಳು ನಮ್ಮ ಕಡೂರಿನವಳೇ, ಮಾತಿಗೆ ಮಾತು ಬಂದು ಬೆಳಿಗ್ಗೆಯೇ ತಿಳಿದಿತ್ತು. “ಅಮ್ಮಾ, ಅಲ್ಲಾಡ್ಬೇಡಿ” ಅಂದಳು.

“ಇಲ್ಲ ಕಣವ್ವ, ಅಲ್ಲಾಡಲ್ಲ” ಎಂದು ಅಕ್ಕ ತಲೆ ಆಡಿಸಿದಳು. ಪಟ್ಟಿಯೊಳಗೇ ಆಡಿಸಿದಳು. ಮಾನಿಟರಿನಲ್ಲಿ ಬರೀ ಮಸುಕು.

ಎರಡನೆಯ ಸಲ ಡಾಕ್ಟರೇ ಹೇಳಿದರು, “ಉತ್ತರ ಕೊಡ್ಬೇಡಿ, ಸುಮ್ಮನೆ ಮಲಗಿರಿ.”

“ಹೂಂ ಸ್ವಾಮಿ, ಉತ್ತರ ಕೊಡಲ್ಲ.”

ಮತ್ತೆ ಮಸುಕು. ಪ್ರಜ್ಞೆ ತಪ್ಪಿಸಿ ಮಾಡೋಣವೆಂದರೆ ಅವಳಿಗೆ ಉಬ್ಬಸ. ಅದು ಹತೋಟಿಗೆ ಬರದೆ ಅರಿವಳಿಕೆ ಕೊಡುವುದಿಲ್ಲ ಅಂದಿದ್ದರು. ಡೈಯನ್ನೂ ಎಷ್ಟು ಸಲ ಅಂತ ಬಿಡುತ್ತಾರೆ? “ಇನ್ನೊಂದೇ ಸಲ ನೋಡೋಣ. ಈ ಸಲ ತೋಳು ತಲೆ ಸುತ್ತ ತಿರುಗುತ್ತೆ. ಆಗಲಿಲ್ಲ ಅಂದ್ರೆ ಇವತ್ತಿಗೆ ನಿಲ್ಸೋದೇ” ಅಂದರು ಡಾಕ್ಟರು. ಒಳಗೆ ಹೋಗಿ ಅವಳ ಕೆನ್ನೆಗೆರಡು ಬಿಡುವಷ್ಟು ಸಿಟ್ಟು ಬಂತು ನನಗೆ. ಸಿಟ್ಟಿನಡಿಯಲ್ಲಿ ಇದ್ದದ್ದು ಭಯ.

ತಲೆ ಸುತ್ತ ತಿರುಗುತ್ತೆ ಅಂದದ್ದು ಕಿವಿಗೆ ಬಿದ್ದಾಗಲೇ ಹೊಳೆದದ್ದು. ಚಿಕ್ಕಂದಿನಲ್ಲಿ ನಮಗೆ ಜ್ವರ ಬರಲಿ, ಹೊಸ ಅಂಗಿ ತೊಡಲಿ, ಅಕ್ಕ ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ದೃಷ್ಟಿ ತೆಗೆಯುತ್ತಿದ್ದಳು. ಮುಷ್ಟಿ ತಲೆ ಸುತ್ತ ನಿವಾಳಿಸುವಾಗ ಕದಲುವ ಹಾಗಿಲ್ಲ, ಯಾರು ಕರೆದರೂ ಓಗೊಡುವ ಹಾಗಿಲ್ಲ. ನಾಲ್ಕು ಮಕ್ಕಳು ಬೊಂಬೆಗಳ ಹಾಗೆ ಕೂತಿರುತ್ತಿದ್ದೆವು. ನಾನು ಮೈಕಿಗೆ ಬಾಗಿದೆ.

“ಅಕ್ಕಾ, ನಾನು. ಈಗ ನಿನಗೆ ದೃಷ್ಟಿ ತೆಗೀತೀವಿ. ಮಿಷನ್ನೇ ನಿವಾಳಿಸ್ತದೆ.”

ಉತ್ತರ ಬರಲಿಲ್ಲ. ಅಕ್ಕನ ಮೈ ಬಿಮ್ಮನೆ ಬಿಗಿಯಿತು, ಕಣ್ಣು ಮುಚ್ಚಿತು. ತೋಳು ಸದ್ದಿಲ್ಲದೆ ಅವಳ ತಲೆಯನ್ನು ಬಳಸಿ ಬಂತು. ಮಾನಿಟರಿನಲ್ಲಿ ಅಕ್ಕನ ಮೆದುಳಿನ ನಾಳಗಳು ಎಳೆ ಎಳೆಯಾಗಿ ಮೂಡಿದವು. ಅಷ್ಟು ಚೆಂದದ ಚಿತ್ರವನ್ನು ನಾನು ಕಂಡಿರಲಿಲ್ಲ. ಡಾಕ್ಟರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಕತ್ತು ಸಣ್ಣದಿದೆ. ತಂತಿಯಲ್ಲೇ ಆಗುತ್ತೆ. ತಲೆ ತೆರೆಯೋದು ಬೇಡ” ಅಂದರು.

ನಾನು ಮೈಕಿಗೆ ಹಾರಿದೆ. “ಅಕ್ಕಾ, ಮುಗೀತು! ಓಡು ತೆಗೆಯೋದಿಲ್ವಂತೆ! ಮಾತಾಡು.”

ಅಕ್ಕ ಮಾತಾಡಲಿಲ್ಲ.

“ಅಕ್ಕಾ?”

ಡಾಕ್ಟರ ಮುಖ ಬದಲಾಯಿತು. ಇಂಥ ಪರೀಕ್ಷೆಯಲ್ಲಿ ಅಪರೂಪಕ್ಕೆ ರಕ್ತದ ಹೆಪ್ಪೊಂದು ಮೆದುಳಿಗೆ ಏರಿ ಮಾತು ಬಿದ್ದುಹೋಗುವುದುಂಟು ಎಂದು ಒಪ್ಪಿಗೆಗೆ ಸಹಿ ಹಾಕಿಸಿಕೊಳ್ಳುವಾಗಲೇ ಹೇಳಿದ್ದರು. ಎಲ್ಲರೂ ಒಳಗೆ ಓಡಿದೆವು. ಎಡಗೈ ಎತ್ತಿ ಅಂದರೆ ಎತ್ತಿದಳು. ನಿಮ್ಮ ಹೆಸರೇನಮ್ಮ ಅಂದರೆ ತುಟಿ ಬಿಗಿದುಕೊಂಡಳು. ಕಣ್ಣರಳಿಸಿ ನನ್ನನ್ನೇ ನೋಡುತ್ತಾ ಒಂದು ಪಾದಕ್ಕೆ ಇನ್ನೊಂದು ಪಾದ ಉಜ್ಜತೊಡಗಿದಳು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ನನ್ನ ಬುದ್ಧಿವಂತಿಕೆಯೇ ಅವಳ ಮಾತು ಕಿತ್ತುಕೊಂಡಿತು ಅನ್ನಿಸಿತು.

“ಸರ್,” ಅಂದಳು ಕಡೂರಿನ ಹೆಣ್ಣುಮಗಳು, “ನೀವು ದೃಷ್ಟಿ ಅಂದ್ರಲ್ಲ. ಕಾಲಿಗೆ ನೀರು ಹಾಕಿಲ್ಲ. ನಮ್ಮನೇಲೂ ನಜರ್ ತೆಗೆದ್ಮೇಲೆ ಕಾಲು ತೊಳೆಯೋತನಕ ಅಮ್ಮಿ ಮಾತಾಡಕ್ಕೆ ಬಿಡಲ್ಲ.” ಹತ್ತಿಯನ್ನು ನೀರಿನಲ್ಲಿ ಅದ್ದಿ ಅಕ್ಕನ ಎರಡೂ ಪಾದ ಒರೆಸಿದಳು.

ಅಕ್ಕ ದೊಡ್ಡದಾಗಿ ಉಸಿರುಬಿಟ್ಟಳು. “ಕಾಲು ತೊಳೀದೆ ಮಾತಾಡಿದ್ರೆ ಇಳಿದಿದ್ದೆಲ್ಲ ವಾಪಸ್ ಬತ್ತದೆ. ಅಷ್ಟೂ ಗೊತ್ತಿಲ್ವೇನೋ ನಿಂಗೆ? ಯಾಕೋ ಅಳ್ತೀಯ?”

ಡಾಕ್ಟರು ನಗುತ್ತಾ ಗೋಡೆಗೆ ಒರಗಿಕೊಂಡರು.

ಉಬ್ಬಸ ಇಳಿದ ಮೇಲೆ, ನಾಲ್ಕನೆಯ ದಿನ, ಅರಿವಳಿಕೆ ಕೊಟ್ಟು ಅದೇ ಚಿತ್ರವನ್ನು ಎದುರಿಗಿಟ್ಟುಕೊಂಡು ಗುಳ್ಳೆಯೊಳಗೆ ಸುರುಳಿ ತುಂಬಿದರು. ಮನೆಗೆ ಕಳಿಸಿದಾಗ ರೆಪ್ಪೆ ಇನ್ನೂ ಪೂರ್ತಿ ಎದ್ದಿರಲಿಲ್ಲ, ನಿಧಾನವಾಗಿ ಏಳುತ್ತದೆ ಅಂದಿದ್ದರು. ರೈಲು ಕಡೂರು ದಾಟಿದ ಮೇಲೆ ನನಗೆ ಧೈರ್ಯ ಬಂದು ಅವಳನ್ನು ಕೆಣಕಿದೆ. “ಕಾಲಿಗೆ ನೀರು ಬೀಳ್ಲಿಲ್ಲ ಅಂತ ಅಷ್ಟು ಜನರ ಜೀವ ತೆಗೆದ್ಯಲ್ಲ, ಒಂದ್ಸಲ ಬಾಯಿ ಬಿಟ್ಟಿದ್ರೆ ಏನಾಗ್ತಿತ್ತು?”

ಅಕ್ಕ ಸೆರಗಿನಿಂದ ಎಡಗಣ್ಣು ಒರೆಸಿಕೊಂಡಳು. “ಅಮ್ಮ ಹೋದ್ಮ್ಯಾಲೆ ನಂಗೆ ಅಂತ ಯಾರೂ ದೃಷ್ಟಿ ತೆಗ್ದಿರ್ಲಿಲ್ಲ ಕಣೋ. ತೆಗ್ಯೋರು ಸಿಕ್ಕಿದ್ರು. ಕೆಡಿಸ್ಕೊಳ್ಳೋದ್ಯಾಕೆ ಅಂತ ಸುಮ್ಕಿದ್ದೆ.”

ಅವಳ ಮುಷ್ಟಿಯ ಕೆಳಗೆ ಕೂತು ಎದ್ದವರು ನಾವು ನಾಲ್ಕು ಜನ. ನಾಲ್ವರಿಗೂ ಮದುವೆಯಾಯಿತು, ಮಕ್ಕಳಾದವು, ಆ ಮಕ್ಕಳಿಗೂ ಅವಳೇ ತೆಗೆದಳು. ಅವಳನ್ನು ಒಂದು ಸಲ ಕೂರಿಸಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಗಾಜಿನ ಈಚೆ ನಿಂತು ಮೈಕು ಹಿಡಿದಾಗ ನನಗೂ ಬೇಕಿದ್ದದ್ದು ಚಿತ್ರ ಮಾತ್ರ.