ಅತ್ತೆ ಕಟ್ಟಿದ ಮಫ್ಲರ್

ನನ್ನ ಮೆದುಳಿನ ಎಡಭಾಗದಲ್ಲಿ ಒಂದು ರಕ್ತನಾಳ ಬಲೂನಿನಂತೆ ಉಬ್ಬಿತ್ತು. ಅದು ಒಡೆಯುವ ಮೊದಲೇ ವೈದ್ಯರು ಮುಚ್ಚಿ, ರಕ್ತಕ್ಕೆ ಬೇರೆ ದಾರಿ ಬೇಕೆಂದು ಕಿವಿಯ ಮುಂದೆ ಹಾದುಹೋಗುವ ನಾಳವೊಂದನ್ನು ಒಳಕ್ಕೆ ತಿರುಗಿಸಿ ಹೊಲಿದರು. ಹೊಲಿದದ್ದು ಆಪರೇಷನ್ ಟೇಬಲ್ ಮೇಲೆಯೇ ಹೆಪ್ಪುಗಟ್ಟಿ ಮುಚ್ಚಿಕೊಂಡಿತಂತೆ. ಬಿಚ್ಚಿ, ತೊಳೆದು, ಮತ್ತೆ ಹೊಲಿದರಂತೆ. ಅಷ್ಟು ಕಷ್ಟಪಟ್ಟವರು ಮನೆಗೆ ಕಳಿಸುವಾಗ ಒಂದೇ ಮಾತು ಹೇಳಿದರು: "ಎಡಗಿವಿ ಮುಂದೆ ಏನೂ ಒತ್ತಬಾರ್ದು. ಒತ್ತಿದ್ರೆ ಮಾತು ಹೋಗುತ್ತೆ, ಬಲಗೈ ಹೋಗುತ್ತೆ." ನಾನು ಹೆದರಿ ಕನ್ನಡಕದ ಎಡಗಡೆಯ ಕಡ್ಡಿಯನ್ನೇ ಕೀಳಿಸಿಬಿಟ್ಟೆ.

ಈ ನಿಯಮ ನಮ್ಮ ಅತ್ತೆಗೆ ಹಿಡಿಸಲಿಲ್ಲ. ಕತ್ರಿಗುಪ್ಪೆಯಲ್ಲಿ ತಾವೇ ರಾಗಿ ಬೆಳೆದ ಜಾಗದಲ್ಲಿ ಈಗ ಮೂರು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿರುವ ಅವರ ಪ್ರಕಾರ, ಆಸ್ಪತ್ರೆಯಿಂದ ಬಂದ ಹೆಂಗಸರೆಲ್ಲ ಬಾಣಂತಿಯರೇ. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ. ಪಿತ್ತಕೋಶದ ಕಲ್ಲಿಗೂ ಅದೇ, ಮೊಣಕಾಲಿಗೂ ಅದೇ.

"ಕಾಲು ಕೊಯ್ಸ್ಕೊಂಡೋರಿಗೇ ತಲೆಗೆ ಬಟ್ಟೆ ಕಟ್ತೀವಿ. ತಲೆನೇ ಕೊಯ್ಸ್ಕೊಂಡಿರೋಳಿಗೆ ಕಟ್ಬಾರ್ದಂತೆ! ಯಾವ ಸೀಮೆ ಡಾಕ್ಟ್ರು ಇವನು?"

ಮೂರು ದಿನ ಜಗಳವಾಡಿ ಗೆದ್ದೆ. ನಾಲ್ಕನೆಯ ದಿನ ಮಧ್ಯಾಹ್ನ ಉಂಡು ಮಲಗಿದೆ.

ಎಚ್ಚರವಾದಾಗ ತಲೆ ಬಿಗಿದಿತ್ತು. ಅತ್ತೆ ಉಣ್ಣೆಯ ಮಫ್ಲರ್ ಸುತ್ತಿ, ಸರಿಯಾಗಿ ಎಡಗಿವಿಯ ಮುಂದೆಯೇ ಗಂಟು ಹಾಕಿ, ಪಕ್ಕದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಬಲಗೈ ಎತ್ತಲು ನೋಡಿದೆ, ಏಳಲಿಲ್ಲ. "ಬಿಚ್ಚಿ" ಎನ್ನಲು ಹೋದರೆ ಬಾಯಿ "ಸಕ್ಕರೆ" ಎಂದಿತು. "ಸಕ್ಕರೆ! ಸಕ್ಕರೆ!" ಎಂದು ಕಿರುಚಿದೆ.

"ತಡಿಯೇ ತಾಯಿ, ತರ್ತೀನಿ" ಎಂದು ಅತ್ತೆ ಡಬ್ಬಿಯನ್ನೇ ತಂದರು. ಎಡಗೈಯಿಂದ ಗಂಟು ಎಳೆದೆ. ಅವರು ನನ್ನ ಕೈ ಸರಿಸಿ ಇನ್ನಷ್ಟು ಬಿಗಿದರು. ಇಷ್ಟೊಂದು ಪ್ರೀತಿಯಿಂದ ನನ್ನನ್ನು ಕೊಲ್ಲಲು ಅದುವರೆಗೆ ಯಾರೂ ಹೊರಟಿರಲಿಲ್ಲ. ಬಾಯಿಗೆ ಒಂದು ಚಮಚ ಸಕ್ಕರೆಯನ್ನೂ ಹಾಕಿದರು.

ಅದು ಬಲಗಡೆಯ ತುಟಿಯಂಚಿನಿಂದ ಹಾಗೆಯೇ ಸುರಿದುಹೋಯಿತು. ಆಗ ಅತ್ತೆಯ ಮುಖ ಬಿಳಿಚಿಕೊಂಡಿತು. ಗಂಟು ಬೆರಳಿಗೆ ಬಗ್ಗಲಿಲ್ಲ; ನನ್ನ ಮೇಲೆ ಬಾಗಿ ಹಲ್ಲಿನಿಂದ ಕಚ್ಚಿ ಬಿಚ್ಚಿದರು. ತಾವು ಚಪ್ಪಲಿ ಕೂಡ ಹಾಕದೆ ನನ್ನನ್ನು ಆಟೋ ಹತ್ತಿಸಿದರು.

ಕದಿರೇನಹಳ್ಳಿ ದಾಟುವಾಗ ಬಲಗೈ ಬೆರಳು ಆಡಿದವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾತು ಬಂದಿತ್ತು. ವೈದ್ಯರು ಸ್ಕ್ಯಾನ್ ಮಾಡಿಸಿ, ನಾಳ ಮುಚ್ಚಿಲ್ಲ, ರಕ್ತ ಹರಿಯುತ್ತಿದೆ ಎಂದರು. ಆಮೇಲೆ ಕೆಂಡವಾದರು.

"ಯಾರು ಕಟ್ಟಿದ್ದು?"

ಅತ್ತೆ ಮಫ್ಲರನ್ನು ಎದೆಗೆ ಅವಚಿಕೊಂಡು ಬರಿಗಾಲಲ್ಲಿ ನಿಂತಿದ್ದರು. ಹನ್ನೊಂದು ವರ್ಷ ಅವರ ಮೇಲೆ ದೂರು ಹೇಳುತ್ತಲೇ ಬಂದವಳು ನಾನು. ಆ ಕಾಲು ನೋಡಿ ವೈದ್ಯರ ಕಡೆ ತಿರುಗಿದೆ.

"ನಾನೇ ಕಟ್ಕೊಂಡೆ, ಡಾಕ್ಟ್ರೇ."

ಅತ್ತೆ ಬೆಚ್ಚಿಬಿದ್ದು ವೈದ್ಯರ ಕೋಟು ಹಿಡಿದುಕೊಂಡರು.

"ಸಾರ್, ಕಟ್ಟಿದ್ದು ನಾನು. ಇವಳು ಇವತ್ತಿನವರೆಗೂ ನನ್ನ ಪರವಾಗಿ ಒಂದು ಮಾತಾಡಿದೋಳಲ್ಲ. ತಲೆ ಇನ್ನೂ ಸರಿಹೋಗಿಲ್ಲ, ಇನ್ನೊಂದ್ಸಲ ಸ್ಕ್ಯಾನ್ ಮಾಡಿ" ಎಂದು ಗೊಳೋ ಎಂದು ಅತ್ತರು.