ಚಿಕ್ಕಮ್ಮ ಕುದಿಸಿದ ಹಲಗೆ

ಕಾಗದದ ಮಿಲ್ಲಿನಲ್ಲಿ ನನ್ನ ಚಿಕ್ಕಮ್ಮನನ್ನು ಎಲ್ಲರೂ ಗೋಂದಮ್ಮ ಎನ್ನುತ್ತಾರೆ. ಮಗು ಹುಟ್ಟಿದ ಮೇಲೆ ನನಗೆ ಜೊತೆಯಾಗಲೆಂದು ನಮ್ಮ ಮನೆಯಲ್ಲೇ ಇದ್ದಾರೆ. ಸಂಜೆ ಅವರಿಗಿಂತ ಮೊದಲು ಬೆಂದ ಕಟ್ಟಿಗೆಯ ವಾಸನೆ ಒಳಗೆ ಬರುತ್ತದೆ. ಮಗು ಹಾಲು ಬಿಟ್ಟು ಬಾಗಿಲ ಕಡೆ ಕತ್ತು ತಿರುಗಿಸುತ್ತದೆ.

ಮರವನ್ನು ಬೇಯಿಸಿ ನಾರು ತೆಗೆದ ಮೇಲೆ ಮಿಲ್ಲಿನಲ್ಲಿ ಉಳಿಯುವುದು ಕಪ್ಪು ರಸ. ನಾರುಗಳನ್ನು ಬಿಗಿದು ಹಿಡಿದಿದ್ದ ಲಿಗ್ನಿನ್ ಎಂಬ ಅಂಟು ಅದರಲ್ಲಿ ಕರಗಿರುತ್ತದೆ. ಅದನ್ನು ಬಾಯ್ಲರಿನಲ್ಲಿ ಸುಡುವುದೇ ರೂಢಿ. ಚಿಕ್ಕಮ್ಮನ ಪುಟ್ಟ ವಿಭಾಗ ಅದಕ್ಕೆ ಆಮ್ಲ ಬೆರೆಸಿ, ಲಿಗ್ನಿನನ್ನು ಕಂದು ಪುಡಿಯಾಗಿ ತಳಕ್ಕೆ ಇಳಿಸಿ, ಪ್ಲೈವುಡ್ಡಿಗೆ ಅಂಟು ಮಾಡಲು ಹೊರಟಿತ್ತು. ಆ ಅಂಟಿನ ಹಲಗೆ ಕುದಿನೀರಿನಲ್ಲಿ ಪದರ ಬಿಟ್ಟುಕೊಂಡರೆ ವಿಭಾಗ ಮುಚ್ಚುವುದೇ ಸೈ ಎಂದಿದ್ದರು ಮ್ಯಾನೇಜರು. ಮುಚ್ಚಿದರೆ ಚಿಕ್ಕಮ್ಮ ಮತ್ತೆ ಬಾಯ್ಲರಿನ ಬುಡಕ್ಕೆ.

ಮೊದಲ ಸಲ ಕೆಲಸ ಹಲಗೆಯವರೆಗೂ ಹೋಗಲಿಲ್ಲ.

"ಬಟ್ಟೆ ಜಾಲಿಸಿದ ಹಾಗೆ ತಿಳಿನೀರು ಬರೋತನಕ ಪುಡಿ ತೊಳೆದೆ ಕಣೆ. ಆಮ್ಲ ಪೂರ್ತಿ ಹೋಯ್ತು. ಪುಡಿ ಲೋಳೆಯಾಗಿ ಸೋಸೋ ಬಟ್ಟೆಗೆ ಕಚ್ಚಿಕೊಂಡು ಕೂತಿತು."

"ಶುದ್ಧ ಜಾಸ್ತಿ ಆಯ್ತು ಅನ್ನಿ."

"ನಗು, ನಗು. ಯಾವ ನೀರಲ್ಲಿ ಇಳೀತೋ ಅಂಥ ನೀರಲ್ಲೇ ತೊಳೀಬೇಕಿತ್ತು."

ಮುಂದಿನ ಸಲ ತೊಳೆಯುವ ನೀರಿಗೂ ಚೂರು ಆಮ್ಲ ಹಾಕಿದರು. ಪುಡಿ ಉದುರುದುರಾಗಿ ಬಂತು. ಅದರ ಅಂಟು ಹಚ್ಚಿದ ಹಲಗೆಯ ತುಂಡೊಂದನ್ನು, ಮ್ಯಾನೇಜರ ಪರೀಕ್ಷೆಯ ಹಿಂದಿನ ದಿನ, ಸೆರಗಿನಲ್ಲಿ ಸುತ್ತಿ ಮನೆಗೆ ತಂದರು.

"ಒಲೆ ಪಕ್ಕದ ಆ ಪಾತ್ರೆ ಕೊಡೇ."

"ಅದು ಬೇಡ, ಮಗುವಿನ ಬಾಟಲಿ ಕುದಿಸೋದು."

"ನಿನ್ನ ಮಗು ಮರ ತಿನ್ನಲ್ವಾ? ಮಂಚದ ಅಂಚೆಲ್ಲ ಕಚ್ಚಿಟ್ಟಿದೆ."

ತಳ ಸುಟ್ಟ ಹಳೆಯ ಪಾತ್ರೆ ಕೊಟ್ಟೆ. ಮಗು ಒಂದು ನಿದ್ದೆ ಮುಗಿಸಿ ಎದ್ದರೂ ಹಲಗೆ ಕುದಿಯುತ್ತಲೇ ಇತ್ತು. ಚಿಕ್ಕಮ್ಮ ಒಣಗಿದ ಲಂಗೋಟಿಗಳನ್ನು ಮಡಿಸಿದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು. ಆಮೇಲೆ ಹಲಗೆಯನ್ನು ತಣ್ಣೀರಿಗೆ ಹಾಕಿ, ಪದರಗಳ ನಡುವೆ ಚಾಕು ತೂರಿಸಿ ಮೀಟಿದರು. ಚಟ್ ಎಂದಿತು. ಅಂಟು ಬಿಟ್ಟೇ ಹೋಯಿತೆಂದುಕೊಂಡೆ.

"ನೋಡಿಲ್ಲಿ," ಎಂದು ದೀಪದ ಕೆಳಗೆ ಹಿಡಿದರು. ಸೀಳಿದ್ದು ಮರ. ಅಂಟಿನ ಗೆರೆ ಇದ್ದಲ್ಲೇ ಇತ್ತು.

ಮರುದಿನ ಮಿಲ್ಲಿನಲ್ಲೂ ಅದೇ ಆಯಿತಂತೆ. ಮನೆಗೆ ಬಂದವರು ಕೈ ತೊಳೆದು ಮಗುವನ್ನು ಎತ್ತಿಕೊಂಡು ಹೇಳಿದರು: "ಆ ಸುಟ್ಟ ಪಾತ್ರೆ ನನಗೇ ಇರಲಿ ಕಣೆ. ಇನ್ನು ಕುದಿಸೋದು ಬೇಕಾದಷ್ಟಿದೆ."