ಹಳದಿ ಮೀನಿನ ದನಿ ಕೇಳುತ್ತಿದ್ದ ದೆಯೂ

ಲಿಯಾನ್ ದೆಯೂನನ್ನು ಗುಡ್ಡದ ಮೇಲೆ ಮಣ್ಣು ಮಾಡಿ ಬಂದಿದ್ದೇವೆ. ಅವನ ಹೆಂಡತಿ ಶಿಯೂಲಾನ್ ಒಲೆಯ ಮುಂದೆ ಕೂತು ಚಹಾ ಕಾಸುತ್ತಿದ್ದಾಳೆ. ಬಂದವರೆಲ್ಲ ಅವನ ಕಿವಿಯ ಬಗ್ಗೆಯೇ ಹೇಳುತ್ತಾರೆ, ಅವನಿಗೆ ಬೇರೆ ಅಂಗವೇ ಇರಲಿಲ್ಲ ಎನ್ನುವ ಹಾಗೆ. ಅವನು ಚದುರಂಗದಲ್ಲಿ ಮೋಸ ಮಾಡುತ್ತಿದ್ದ. ಗೆಣಸಿನ ಗಂಜಿಯನ್ನು ಸುಡುಸುಡುವಾಗಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತಿದ್ದ, ಎಪ್ಪತ್ತು ದಾಟಿದ ಮೇಲೂ. ಇದನ್ನೂ ಯಾರಾದರೂ ಹೇಳಬೇಕಲ್ಲ ಎಂದು ಮೊದಲೇ ಬರೆದೆ. ಆದರೆ ನಾನೂ ಕಿವಿಯ ವಿಷಯಕ್ಕೇ ಬರಬೇಕು, ಬೇರೆ ದಾರಿಯಿಲ್ಲ.

ನಮ್ಮ ತಿಯೆಶಾ ಕೊಲ್ಲಿಗೆ ವಸಂತದ ಕೊನೆಯಲ್ಲಿ, ದೊಡ್ಡ ಉಬ್ಬರದ ದಿನಗಳಲ್ಲಿ, ಹೊರಗಡಲಿನಿಂದ ಹಳದಿ ಮೀನು ಮೊಟ್ಟೆಯಿಡಲು ಬರುತ್ತಿತ್ತು. ಅದು ಕೂಗುವ ಮೀನು. ಆ ಕೂಗು ಕೇಳುವುದಕ್ಕೆ ಪ್ರತಿ ತಂಡದಲ್ಲೂ ಒಬ್ಬ ಕಿವಿಯವನಿರುತ್ತಿದ್ದ. ಅವನು ದೋಣಿಯ ತಳದ ಹಲಗೆಗೆ ಕಿವಿ ಹಚ್ಚಿ ಮಲಗಿದನೆಂದರೆ ಉಳಿದವರು ಕೆಮ್ಮುವಂತಿರಲಿಲ್ಲ, ಚಿಲುಮೆ ಕೊಡವುವಂತಿರಲಿಲ್ಲ. ಹೆಣ್ಣು ಕೂಗಿದರೆ ಮುಚ್ಚಿದ ಪಾತ್ರೆಯಲ್ಲಿ ಅನ್ನ ಕುದಿದ ಹಾಗೆ, ಗಂಡು ಕೂಗಿದರೆ ಮಳೆ ಬಿದ್ದ ಗದ್ದೆಯಲ್ಲಿ ಕಪ್ಪೆ ವಟಗುಟ್ಟಿದ ಹಾಗೆ. ಮೀನು ಎಷ್ಟಿದೆ, ಯಾವ ಕಡೆ ತಿರುಗಿದೆ, ಎಲ್ಲವನ್ನೂ ದೆಯೂ ಆ ಸದ್ದಿನಲ್ಲೇ ತಿಳಿಯುತ್ತಿದ್ದ. ಅವನು 'ಈಗಲ್ಲ' ಎಂದರೆ ಬಲೆ ಇಳಿಯುತ್ತಿರಲಿಲ್ಲ. ಅವನ ಅಪ್ಪನ ಕಾಲದಿಂದ ಒಂದು ಕಟ್ಟಳೆಯಿತ್ತು. ವರ್ಷದ ಮೊದಲ ಉಬ್ಬರದಲ್ಲಿ ಬಂದ ಮೀನು ಕಡಲ ದೇವತೆ ಮಾಜೂ ತಾಯಿಯ ಪಾಲು, ಅದು ಮೊಟ್ಟೆಯಿಟ್ಟು ಹೋಗಬೇಕು. ಎರಡನೆಯ ನೀರಿನದು, ಅಂದರೆ ಎರಡನೆಯ ಉಬ್ಬರದ್ದು, ನಮ್ಮ ಪಾಲು.

ನಾನು ಊರ ಶಾಲೆಗೆ ಮೇಷ್ಟ್ರಾದ ವರ್ಷ ಅವನು ನನ್ನನ್ನೂ ದೋಣಿಯಲ್ಲಿ ಮಲಗಿಸಿದ್ದ.

"ಏನ್ ಕೇಳ್ತು ಮೇಷ್ಟ್ರೇ?"

"ನನ್ ಹೊಟ್ಟೆ ಗುಡುಗೋದು."

"ಅದು ಗಂಡು ಕಣ್ರೋ. ಬಲೆ ಹಾಕ್ಬೇಡಿ, ಬಡಕಲು."

ಇಡೀ ದೋಣಿ ನಕ್ಕಿತು. ಆ ಗಲಾಟೆಗೆ ಮೀನು ಚದುರಿಹೋಯಿತೆಂದು ತಂಡದ ಮುಖಂಡ ರುವಾನ್ ನಮ್ಮಿಬ್ಬರಿಗೂ ಬೈದ.

ಆಮೇಲೆ ದಕ್ಷಿಣದಿಂದ ಬಡಿಯುವ ದೋಣಿಗಳು ಬಂದವು. ಎರಡು ದೊಡ್ಡ ದೋಣಿಗಳ ನಡುವೆ ಬಲೆ. ಅವುಗಳ ಮುಂದೆ ಸಣ್ಣ ದೋಣಿಗಳು ಅರ್ಧಚಂದ್ರದಂತೆ ಸುತ್ತುಗಟ್ಟಿ ನಿಲ್ಲುತ್ತವೆ. ಪ್ರತಿ ದೋಣಿಯಲ್ಲೂ ಒಂದು ಗಟ್ಟಿ ಹಲಗೆ, ಒಂದು ಕೋಲು. ಬಾವುಟ ಎತ್ತಿದ ಕೂಡಲೇ ಎಲ್ಲರೂ ಒಟ್ಟಿಗೆ ಬಡಿಯುತ್ತಾರೆ. ಈ ಮೀನಿನ ತಲೆಯೊಳಗೆ ಎರಡು ಬಿಳಿಯ ಹರಳುಗಳಿವೆ. ಬಡಿತಕ್ಕೆ ಅವು ಒಳಗೇ ಅದುರಿ ಮೀನು ಅಮಲು ಬಂದಂತೆ ಮೇಲೆ ತೇಲುತ್ತದೆ.

ರುವಾನ್ ಅದನ್ನು ಒಂದೇ ದಿನದಲ್ಲಿ ಕಲಿತ. "ನೀನು ಎಲ್ಲಿ ಅಂತ ಬೆರಳು ತೋರ್ಸು ಸಾಕು ದೆಯೂ, ಮಿಕ್ಕಿದ್ದು ನಾವ್ ನೋಡ್ಕೋತೀವಿ" ಎಂದ. ದೆಯೂ ತೋರಿಸಿದ. ಊರಿಗೆ ಊರೇ ಅರೆಹೊಟ್ಟೆಯಲ್ಲಿದ್ದ ಕಾಲ ಅದು, ಅವನ ಜಾಗದಲ್ಲಿ ಯಾರಿದ್ದರೂ ತೋರಿಸುತ್ತಿದ್ದರು. ಆ ಮಧ್ಯಾಹ್ನ ಕೊಲ್ಲಿಯ ನೀರು ಕಾಣಲಿಲ್ಲ. ಬಂಗಾರದ ಬಣ್ಣದ ಹೊಟ್ಟೆಗಳು ಒಂದಕ್ಕೊಂದು ಒತ್ತಿಕೊಂಡು ದಡದವರೆಗೂ ಹಾಸಿಕೊಂಡಿದ್ದವು. ಮುದುಕಿಯರು ಕೈಮುಗಿದು ಅತ್ತರು. ವಾರ ಕಳೆಯುವುದರೊಳಗೆ ಊರಿನ ಉಪ್ಪು ಮುಗಿಯಿತು. ಮಿಕ್ಕ ಮೀನನ್ನು ಗೆಣಸಿನ ಹೊಲಕ್ಕೆ ಗೊಬ್ಬರವೆಂದು ಸುರಿದರು. ಆ ವಾಸನೆಗೆ ಶಾಲೆಯ ಕಿಟಕಿಗಳನ್ನು ಮುಚ್ಚಿ ಪಾಠ ಮಾಡಿದೆ.

ದೆಯೂ ಒಂದು ಬುಟ್ಟಿ ತಂದು ನನ್ನ ಮುಂದಿಟ್ಟ. ಬೆರಳುದ್ದದ ಮರಿಗಳು.

"ಮರಿ ಕೂಗಲ್ಲ ಮೇಷ್ಟ್ರೇ. ನಾನ್ ಇದನ್ನ ಯಾವತ್ತೂ ಕೇಳಿಸ್ಕೊಂಡೇ ಇರ್ಲಿಲ್ಲ. ಇಷ್ಟೊಂದು ಇದ್ವು ಅಂತ ತೇಲಿದ್ಮೇಲೇ ಗೊತ್ತಾಗಿದ್ದು."

ಹೀಗೆ ಬಡಿಯುವುದಕ್ಕೆ ಸರ್ಕಾರದಿಂದ ನಿಷೇಧ ಬಂತು. ಹಲಗೆಗಳು ಮಂಚದ ಕೆಳಗೆ ಹೋದವು. ಹಸಿವಿನ ವರ್ಷಗಳಲ್ಲಿ ಮತ್ತೆ ಹೊರಬಂದವು, ಮತ್ತೆ ನಿಷೇಧವಾಯಿತು. ಪ್ರತಿ ವಸಂತದಲ್ಲೂ ಕೂಗು ತೆಳುವಾಗುತ್ತ ಬಂತು. ಒಂದು ವರ್ಷ ಮೀನು ಬರಲೇ ಇಲ್ಲ. ಅದರ ಮರುವರ್ಷವೂ ಇಲ್ಲ. ದೆಯೂ ಊಟ ಬಿಟ್ಟವನಂತೆ ಸೊರಗಿದ. ಕೊಲ್ಲಿಯಲ್ಲಿ ಎಲ್ಲಾದರೂ ಒಂದು ಹಿಂಡು ಉಳಿದಿದ್ದರೆ ಅದನ್ನು ಉಳಿಸಿಕೊಳ್ಳಬೇಕು ಎನ್ನುವುದೊಂದೇ ಅವನ ಮಾತು. "ಸಿಕ್ರೆ ನಾನ್ ಬಾಯಿ ಬಿಡಲ್ಲ" ಎಂದು ನನಗೆ ಹೇಳಿದ್ದ.

ಮೂರನೆಯ ವಸಂತದಲ್ಲಿ ರುವಾನ್ ಕದ್ದುಮುಚ್ಚಿ ಹಲಗೆ ಹೊರತೆಗೆಸಿದ. ಕೈ ಸಾಲದೆಂದು ನನ್ನನ್ನೂ ಕರೆದ. ಕೊಲ್ಲಿಯ ಒಳಮೂಲೆಯಲ್ಲಿ ಹದ್ದಿನ ಬಂಡೆಯಿದೆ, ಅದರ ಬುಡದಲ್ಲಿ ನೀರು ತುಂಬ ಆಳ. ಅಲ್ಲಿ ದೋಣಿ ನಿಲ್ಲಿಸಿ ದೆಯೂ ಮಲಗಿದ. ಎಲ್ಲರ ಹಾಗೆ ಬರಿಗಾಲು. ಬಹಳ ಹೊತ್ತು ಅಲುಗಾಡಲಿಲ್ಲ. ಆಮೇಲೆ ಎದ್ದು ಕೂತು ಮುಖ ಒರೆಸಿಕೊಂಡ.

"ಏನಿಲ್ಲ. ಸೀಗಡಿ ಚಟಪಟ ಅಂತಿದೆ, ಅಷ್ಟೇ. ನಡೀರಿ."

ರುವಾನ್ ಅವನ ಮುಖ ನೋಡಲಿಲ್ಲ. "ಬಾಯಿ ಒಂದ್ ಹೇಳ್ತಿದೆ, ಕಾಲ್ಬೆರಳು ಇನ್ನೊಂದ್ ಹೇಳ್ತಲ್ಲ ದೆಯೂ" ಎಂದ.

ನನಗೆ ಅರ್ಥವಾಗಲಿಲ್ಲ. ದೋಣಿಯಲ್ಲಿದ್ದ ಮಿಕ್ಕವರೆಲ್ಲರಿಗೂ ಅರ್ಥವಾಗಿತ್ತು. ಇಪ್ಪತ್ತು ವರ್ಷ ಅವರು ಉಸಿರು ಬಿಗಿಹಿಡಿದು ಅವನ ಕಾಲ ಕಡೆ ಕೂತಿದ್ದರು. ನೋಡುವುದಕ್ಕೆ ಅಲ್ಲಿ ಬೇರೇನಿತ್ತು? ಮೀನು ಕೂಗಿದಾಗ ಅವನ ಕಾಲ್ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತಿದ್ದವು, ಹಿಂಡು ದೊಡ್ಡದಾದಷ್ಟೂ ಬಿಗಿಯಾಗಿ. ಅದು ತಂಡದವರಿಗೆಲ್ಲ ಗೊತ್ತು. ಅವನೊಬ್ಬನಿಗೆ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ.

ದೆಯೂ ತನ್ನ ಪಾದಗಳನ್ನು ನೋಡಿಕೊಂಡ. ಬೇರೆ ಯಾರದೋ ಪಾದಗಳನ್ನು ನೋಡುವ ಹಾಗೆ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಅವನ್ನು ಮುಚ್ಚಿಕೊಂಡ.

"ರುವಾನಣ್ಣ, ಇದು ಮೊದಲ್ನೇ ನೀರು. ತಾಯಿ ಪಾಲು."

"ತಾಯಿ ಗುಡೀಲಿ ಈಗ ಬಲೆ ತುಂಬಿದೀವಿ. ಅವಳ ಪಾಲು ಯಾರ್ ಮನೆಗ್ ಕೊಡ್ಲಿ?"

"ಒಂದೇ ಒಂದ್ ನೀರು ಬಿಡು. ಮೊಟ್ಟೆ ಇಟ್ಬಿಡ್ಲಿ. ಆಮೇಲೆ ನಾನೇ ಕರ್ಕೊಂಡ್ ಬರ್ತೀನಿ, ನಿನ್ ಕಾಲ್ ಹಿಡೀತೀನಿ."

"ಆಮೇಲೆ ಅಂದ್ರೆ ಆಚೆ ಊರವ್ರ ಬಲೇಲಿರತ್ತೆ. ನಮ್ಮನೇಲೂ ಮಕ್ಕಳಿದಾವೆ ಕಣಯ್ಯ."

ರುವಾನ್ ಕೆಟ್ಟವನಲ್ಲ. ಆ ಮಾತೂ ಸುಳ್ಳಲ್ಲ. ಅವನು ಬಾವುಟ ಎತ್ತಿದ.

ಬಡಿತ ಶುರುವಾದಾಗ ದೆಯೂ ಮತ್ತೆ ತಳದಲ್ಲಿ ಮಲಗಿ ಹಲಗೆಗೆ ಕಿವಿ ಹಚ್ಚಿದ. ಆ ಸದ್ದಿಗೆ ನನ್ನ ಹಲ್ಲುಗಳೇ ನೋಯುತ್ತಿದ್ದವು. ನಾನು ಅವನ ಭುಜ ಹಿಡಿದು ಎಳೆದೆ, ಏಳಲಿಲ್ಲ. ಮೀನು ಮೇಲೆ ಬಂತು. ಹೆಚ್ಚೇನಿಲ್ಲ. ಆದರೆ ನಾನು ಅಷ್ಟು ದೊಡ್ಡ ಹಳದಿ ಮೀನನ್ನು ಕಂಡಿರಲಿಲ್ಲ. ಮುದಿ ಮೀನುಗಳು, ತುಟಿ ಕೆಂಪು, ಹೊಟ್ಟೆ ಮೊಟ್ಟೆಯಿಂದ ಬಿರಿಯುವಂತಿತ್ತು. ಕೋಲುಗಳು ಒಂದೊಂದಾಗಿ ನಿಂತವು.

"ಏಳೋ. ಏನ್ ಕೇಳ್ತಿದೀಯ ಇನ್ನೂ?" ಎಂದೆ.

"ಕಮ್ಮಿ ಆಗ್ತಿದೆ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಒಂದಿದೆ" ಎಂದ. ಆಮೇಲೆ ಎದ್ದು ಕೂತ.

ಮರುದಿನ ಪೇಟೆಗೆ ಹೋಗಿ ರಬ್ಬರ್ ಬೂಟು ಕೊಂಡುತಂದ. ಅಂದಿನಿಂದ ಬೂಟಿಲ್ಲದೆ ದೋಣಿ ಹತ್ತಲಿಲ್ಲ, ಎಂಥ ಬೇಸಿಗೆಯಲ್ಲೂ. ಬೆವರಿಗೆ ಪಾದ ಕೊಳೆಯಿತು. "ಹಾಸಿಗೆಗೂ ಅದನ್ನೇ ಹಾಕ್ಕೊಂಡ್ ಬನ್ನಿ, ನಾನೇನ್ ಕಾಲ್ ನೋಡಿ ಕಳ್ಳತನ ಹಿಡೀತೀನಾ?" ಎಂದು ಶಿಯೂಲಾನ್ ಹಂಗಿಸುತ್ತಿದ್ದಳು. ಅವನು ನಗುತ್ತಿದ್ದ, ಬೂಟು ಮಾತ್ರ ಬಿಡಲಿಲ್ಲ.

ಮೂವತ್ತು ವರ್ಷ ಕೊಲ್ಲಿ ಸುಮ್ಮನಿತ್ತು. ಆಮೇಲೆ ಪಂಜರಗಳು ಬಂದವು. ತೊಟ್ಟಿಯಲ್ಲಿ ಹುಟ್ಟಿಸಿದ ಹಳದಿ ಮೀನನ್ನು ತೇಲುವ ಪಂಜರಗಳಲ್ಲಿ ಸಾಕುತ್ತಾರೆ. ದಡದಿಂದ ದಡಕ್ಕೆ ಪಂಜರದ ಮೇಲೆಯೇ ನಡೆದು ಹೋಗಬಹುದು, ಅಷ್ಟು. ಅರೆದ ಮೀನಿನ ಮೇವು ಕೆಳಗಿಳಿದು ತಳ ಕಪ್ಪಾಗಿ ಕೊಳೆಯುತ್ತಿದೆ. ಒಮ್ಮೆ ಪಂಜರದ ಹಲಗೆಗೆ ಕಿವಿ ಹಚ್ಚಿದ ದೆಯೂ ಬೇಗ ಎದ್ದುಬಿಟ್ಟ. "ಕೂಗ್ತವೆ. ಆದ್ರೆ ಯಾರನ್ನ ಕರೀತಿದೀವಿ ಅಂತ ಅವಕ್ಕೇ ಗೊತ್ತಿಲ್ಲ" ಎಂದ.

ಕಡಲಲ್ಲೇ ಹುಟ್ಟಿ ಬೆಳೆದ ಹಳದಿ ಮೀನು ಒಂದು ಸಿಕ್ಕರೂ ಸಾಕು, ಈಗ ನಗರದ ಹೋಟೆಲಿನವರು ಕೇಳಿದಷ್ಟು ಬೆಲೆ ಕೊಡಲು ಬಂದರಿನಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಾರೆ. ಆದ್ದರಿಂದ ಮುದುಕ ದೆಯೂ ಪ್ರತಿ ವಸಂತದಲ್ಲಿ ಸಣ್ಣ ದೋಣಿಗೆ ಹುಟ್ಟು ಹಾಕಿಕೊಂಡು ಒಬ್ಬನೇ ಹದ್ದಿನ ಬಂಡೆಯ ಕಡೆ ಹೋಗುವುದನ್ನು ಹಲವರು ನೋಡುತ್ತಿದ್ದರು. ಏನು ಕೇಳಿತು ಎಂದರೆ ನನಗೂ ಒಂದೇ ಉತ್ತರ: "ಮೋಟಾರು." ಈ ವರ್ಷ, ಹಾಸಿಗೆ ಹಿಡಿಯುವ ಮುಂಚೆ ಕೊನೆಯ ಸಲ ಹೋಗಿ ಬಂದಾಗ, ಅದನ್ನೂ ಹೇಳಲಿಲ್ಲ. ನಾನು ಎರಡು ಸಲ ಕೇಳಿದೆ. ಚಹಾ ಆರುತ್ತಿದೆ, ಕುಡಿಯಿರಿ ಎಂದ.

ನಿನ್ನೆ ಮಣ್ಣು ಮಾಡಿ ಗುಡ್ಡ ಇಳಿಯುವಾಗ ರುವಾನ್‌ನ ಅಳಿಯ ಪಕ್ಕಕ್ಕೆ ಬಂದ. ಕಬ್ಬಿಣದ ದೋಣಿಯ ಯಜಮಾನ, ವಿನಯದ ಮನುಷ್ಯ.

"ಮೇಷ್ಟ್ರೇ, ಇಂಥ ಹೊತ್ನಲ್ಲಿ ಕೇಳ್ಬಾರ್ದು. ಕಿವಿಯಜ್ಜ ಕೊನೇಲಿ ಏನಾದ್ರೂ ಹೇಳಿದ್ರಾ?"

"ಏನೂ ಹೇಳಿಲ್ಲಪ್ಪ."

"ಏನೂ ಕೇಳ್ಸಿಲ್ಲ ಅಂದ್ರಾ, ಇಲ್ಲಾ ಏನೂ ಹೇಳ್ಲೇ ಇಲ್ವಾ? ಎರಡೂ ಬೇರೆ ಅಲ್ವಾ ಮೇಷ್ಟ್ರೇ?"

"ಮೋಟಾರು ಕೇಳ್ಸ್ತು ಅಂದ" ಎಂದೆ. ಅವನು ನನ್ನ ಮುಖವನ್ನೇ ನೋಡಿ, ತಲೆಯಾಡಿಸಿ, ನನಗೊಂದು ಸಿಗರೇಟು ಕೊಟ್ಟು ಮುಂದೆ ಹೋದ.

ಇಂದು ಬೆಳಗ್ಗೆಯಿಂದ ಆ ಅಳಿಯನ ದೋಣಿ ಹದ್ದಿನ ಬಂಡೆಯ ಕೆಳಗೆ ನಿಧಾನವಾಗಿ ಸುತ್ತುತ್ತಿದೆ. ನೀರಿನಡಿಯ ಮೀನನ್ನು ತೋರಿಸುವ ಪರದೆ ಅದರಲ್ಲಿದೆ, ಈಗ ಯಾರೂ ಮಲಗಿ ಕೇಳಬೇಕಾಗಿಲ್ಲ. ಇಷ್ಟು ವರ್ಷ, ನನ್ನ ಗೆಳೆಯನಿಗೆ ಒಂದಾದರೂ ಕೂಗು ಕೇಳಿಸಲಿ ಎಂದು ಬಯಸಿದವನು ನಾನು. ಇಂದು ಕಿಟಕಿಯಲ್ಲಿ ನಿಂತು, ಅವನಿಗೆ ಏನೂ ಕೇಳಿಸಿರದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ದೋಣಿ ಸುತ್ತುವುದನ್ನು ನಿಲ್ಲಿಸಿದೆ. ಯಾರೋ ಅದರ ಹಿಂಬದಿಯ ಬಲೆಯ ಕಡೆಗೆ ಓಡುತ್ತಿದ್ದಾರೆ.